ಬಚ್ಚಲ ಬಾಯಿಯನ್ನು ಬದಲಿಸುವಾಗ

ಮನೆ ನೋಡಲು ಬಂದವರಿಗೆ ನಾವು ಹಜಾರವನ್ನು ತೋರಿಸುತ್ತೇವೆ, ದೇವರ ಮನೆಯನ್ನು ತೋರಿಸುತ್ತೇವೆ, ಅಡಿಗೆಮನೆಯ ಕಪಾಟುಗಳನ್ನು ಕೂಡ ತೆರೆದು ತೋರಿಸುತ್ತೇವೆ. ಬಚ್ಚಲುಮನೆಯ ಮೂಲೆಯಲ್ಲಿರುವ ತೂತಿನ ತಟ್ಟೆಯನ್ನು ಮಾತ್ರ ಯಾರೂ ತೋರಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅದು ಕಟ್ಟಿಕೊಂಡ ದಿನವೇ ಅದರ ನೆನಪು. ಅಂಥ ದಿನ ಬಂದು, ಅದನ್ನು ಬದಲಿಸಿಯೇ ತೀರಬೇಕೆಂದು ನೀವು ಹೊರಟಾಗ ಏನನ್ನು ಗಮನಿಸಬೇಕು ಎಂಬುದೇ ಈ ಹೊತ್ತಿನ ಮಾತು.

ಮೇಲೆ ಕಾಣುವ ಜಾಲರಿ ಬರಿಯ ಮುಚ್ಚಳ. ಅದರ ಕೆಳಗೆ, ನೆಲದಲ್ಲಿ ಹುದುಗಿದ ಬೋಗುಣಿಯೊಂದಿದೆ. ಕೆಲಸದವರು ಇದನ್ನು ನಹಾನಿ ಟ್ರ್ಯಾಪು ಎನ್ನುತ್ತಾರೆ. ಹಳೆಯ ಮನೆಗಳಲ್ಲಿ ಬೀಡುಕಬ್ಬಿಣದ್ದು, ಈಚಿನ ಮನೆಗಳಲ್ಲಿ ಪಿ.ವಿ.ಸಿ.ಯದು. ನೀವು ಹೊಯ್ದ ನೀರೆಲ್ಲ ಹರಿದುಹೋದ ಮೇಲೂ ಸ್ವಲ್ಪ ನೀರು ಅದರ ಬಾಗಿನಲ್ಲಿ ನಿಂತೇ ಇರುತ್ತದೆ. ಸುಮಾರು 50 ಮಿಲಿಮೀಟರ್, ಅಂದರೆ ಎರಡು ಅಂಗುಲ ಆಳದ ಈ ನೀರೇ ಚರಂಡಿಯ ಗಾಳಿಗೂ ನಿಮ್ಮ ಮನೆಯ ಗಾಳಿಗೂ ನಡುವಣ ಗೋಡೆ. ಕೊಳವೆಯನ್ನು ಬಗ್ಗಿಸಿ ನೀರನ್ನೇ ಬಾಗಿಲು ಮಾಡುವ ಈ ಉಪಾಯವನ್ನು ಶೌಚದ ಬೋಗುಣಿಗೆ ಅಳವಡಿಸಿ 1775ರಲ್ಲಿ ಪೇಟೆಂಟು ಪಡೆದವನು ಸ್ಕಾಟ್ಲೆಂಡಿನವನಾದ ಅಲೆಕ್ಸಾಂಡರ್ ಕಮಿಂಗ್. ಅವನ ಕಸುಬು ಗಡಿಯಾರ ಮಾಡುವುದು!

ಈ ಎರಡಂಗುಲದ ನೀರು ಆರಿದರೆ ಏನಾದೀತು? ನಾತ, ಜಿರಲೆ, ಅಷ್ಟೇ ತಾನೆ ಎಂದು ನೀವು ಹೇಳಬಹುದು. 2003ನೆಯ ಇಸವಿಯಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಸಾರ್ಸ್ ಜ್ವರ ಹರಡಿ ಮುನ್ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ತನಿಖೆ ಮಾಡಿದವರ ಬೆರಳು ಕೊನೆಗೆ ಬಚ್ಚಲಿನತ್ತ ತಿರುಗಿತು. ಅಲ್ಲಿಯವರು ನೆಲಕ್ಕೆ ನೀರು ಸುರಿಯದೆ ಒರೆಸಿ ಶುಚಿಮಾಡುತ್ತಿದ್ದರು. ಟ್ರ್ಯಾಪಿನ ನೀರು ಆರಿಹೋಗಿತ್ತು. ಗಾಳಿ ಹೊರದೂಡುವ ಫ್ಯಾನು ಹಾಕಿದಾಗ ಅದು ಚರಂಡಿಯ ಗಾಳಿಯನ್ನೇ ಮನೆಯೊಳಕ್ಕೆ ಎಳೆಯುತ್ತಿತ್ತು. ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಈಗ ಅಂಥ ಫ್ಯಾನುಗಳಿವೆ.

ಇನ್ನು ಕೆಲಸಕ್ಕೆ ಬರೋಣ. ಬಾಯಿ ಕಟ್ಟಿದ ಮಾತ್ರಕ್ಕೆ ನೆಲ ಒಡೆಯಲು ಹೋಗಬೇಡಿ. ಎಣ್ಣೆ, ಸೀಗೆಪುಡಿ, ತಲೆಗೂದಲು ಈ ಮೂರೂ ಕೂಡಿದರೆ ಗಾರೆಗಿಂತ ಗಟ್ಟಿ. ದೀಪಾವಳಿಯ ಮರುದಿನ ಇದು ಯಾರಿಗೆ ತಿಳಿಯದು? ಜಾಲರಿ ತೆಗೆದು, ರಬ್ಬರು ಕೈಚೀಲ ತೊಟ್ಟು, ಕೊಕ್ಕೆತಂತಿಯಿಂದ ಎಳೆದು ಹಾಕಿ. ಆಸಿಡ್ಡು ಬೇಡ. ಅದು ಗಾರೆಯ ಸಂದುಗಳನ್ನು ತಿನ್ನುತ್ತದೆ, ಬ್ಲೀಚಿಂಗ್ ಪುಡಿಯೊಡನೆ ಸೇರಿದರಂತೂ ಕ್ಲೋರಿನ್ ಎಂಬ ವಿಷಾನಿಲವನ್ನೇ ಕಾರುತ್ತದೆ. ಕೆಲವು ಟ್ರ್ಯಾಪುಗಳಲ್ಲಿ ಗಂಟೆಯಂಥ ಬಟ್ಟಲೊಂದು ಬೋರಲಾಗಿ ಕೂತಿರುತ್ತದೆ. ನೀರು ನಿಧಾನವಾಗಿ ಹೋಗುತ್ತದೆಂದು ಅದನ್ನು ಕಿತ್ತೆಸೆಯುವವರುಂಟು. ಆ ಬಟ್ಟಲು ಹೋಯಿತೆಂದರೆ ನೀರಿನ ಗೋಡೆಯೇ ಹೋಯಿತು.

ಬೋಗುಣಿಯೇ ಬಿರುಕುಬಿಟ್ಟಿದ್ದರೆ ಮಾತ್ರ ಉಳಿ ಹಿಡಿಯಬೇಕು. ನೆಲದಂತಸ್ತಿನ ಮನೆಯಾದರೆ ತಾಳ್ಮೆಯುಳ್ಳವರು ತಾವೇ ಮಾಡಬಹುದು. ಮಹಡಿಯಾದರೆ ಬೇಡ, ನಿಮ್ಮ ಬಚ್ಚಲು ಇನ್ನೊಬ್ಬರ ತಾರಸಿ. ಹೊಸದನ್ನು ಕೊಳ್ಳುವಾಗ ಹೊಳಪು ನೋಡಬೇಡಿ. ಅಂಗಡಿಯವನನ್ನೇ ಒಂದು ಚೊಂಬು ನೀರು ಕೇಳಿ, ಟ್ರ್ಯಾಪನ್ನು ಸಮನಾಗಿಟ್ಟು ಹೊಯ್ಯಿರಿ. ನಿಂತ ನೀರಿನ ಮಟ್ಟದಿಂದ, ನೀರೊಳಗೆ ಇಳಿದ ಅಂಚಿನ ತುದಿಯವರೆಗೆ ಎರಡಂಗುಲ ಇರಬೇಕು. ಅವನು ನಕ್ಕರೆ ನಗಲಿ.

ಹಳೆಯದರ ಸುತ್ತ ಒಂದಡಿ ಚೌಕ ನೆಲವನ್ನು ಬಿಡಿಸಿ, ಬೋಗುಣಿಯನ್ನು ಹೊರತೆಗೆದ ಕೂಡಲೆ ಹಿಂದಿನ ಕೊಳವೆಯ ಬಾಯಿಗೆ ಬಟ್ಟೆ ತುರುಕಿ. ಬಟ್ಟೆಗೆ ಉದ್ದನೆಯ ದಾರ ಕಟ್ಟಿರಲಿ. ಇಲ್ಲದಿದ್ದರೆ ಅದು ಒಳಕ್ಕೆ ಜಾರಿ ಹೊಸ ತೊಂದರೆಯಾದೀತು. ಹೊಸದನ್ನು ರಸಮಟ್ಟ ಹಿಡಿದೇ ಕೂರಿಸಿ. ಓರೆಯಾದರೆ ಎರಡಂಗುಲದ ನೀರು ಒಂದಂಗುಲಕ್ಕೆ ಇಳಿಯಬಹುದು. ಜಾಲರಿಯ ಮಟ್ಟ ನೆಲಕ್ಕಿಂತ ಒಂದೆರಡು ನೂಲು ಕೆಳಗಿರಲಿ, ಸುತ್ತಲಿನ ವಾಟ ಅದರತ್ತಲೇ ಇರಲಿ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಬೆರೆಸಿ, ನೀರು ತಡೆಯುವ ದ್ರಾವಣ ಸೇರಿಸಿ ಸುತ್ತ ತುಂಬಿ. ಗಾರೆ ಗಟ್ಟಿಯಾದ ಮೇಲೆ, ಹಾಸುಬಿಲ್ಲೆ ಕೂರಿಸುವ ಮುಂಚೆ, ಬಾಯಿ ಕಟ್ಟಿ ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ ನೋಡಿ. ಮಟ್ಟ ಇಳಿದರೆ ಎಲ್ಲೋ ಸಂದಿದೆ. ಬಿಲ್ಲೆ ಮುಚ್ಚಿದ ಮೇಲೆ ಅದು ಸಿಕ್ಕುವುದಿಲ್ಲ. ಅಲ್ಲಿಯವರೆಗೆ ಮನೆಯವರ ಸ್ನಾನ ಹಿತ್ತಿಲಿನಲ್ಲೋ ನೆಂಟರ ಮನೆಯಲ್ಲೋ ಆಗಬೇಕು. ಇದನ್ನು ಮನೆಯಾಕೆಗೆ ಮೊದಲೇ ತಿಳಿಸಿರುವುದು ಲೇಸು.

ನೆಂಟರು ಬಂದಾಗ ಮಾತ್ರ ತೆರೆಯುವ ಎರಡನೆಯ ಬಚ್ಚಲಿದ್ದರೆ ವಾರಕ್ಕೊಮ್ಮೆ ಅದಕ್ಕೊಂದು ಚೊಂಬು ನೀರು ಹೊಯ್ಯಿರಿ, ಬೇಸಿಗೆಯಲ್ಲಿ ಎರಡು ಸಲ. ತಿಂಗಳುಗಟ್ಟಲೆ ಊರಿಗೆ ಹೋಗುವವರು ನೀರಿನ ಮೇಲೆ ಎರಡು ಚಮಚ ಹೊಲಿಗೆಯಂತ್ರದ ಎಣ್ಣೆ ಬಿಟ್ಟು ಹೋದರೆ ನೀರು ಬೇಗ ಆರದು. ಕೊಬ್ಬರಿಎಣ್ಣೆ ಹಾಕಬೇಡಿ, ಚಳಿಗೆ ಹೆಪ್ಪುಗಟ್ಟುತ್ತದೆ.