ಕಾಡಂಚಿನ ಕ್ಯಾಮೆರಾ: ಚಿತ್ರ ಯಾರಿಗೆ ತಲುಪಬೇಕು?

(ಹೊನ್ನಾಳಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಲಿಖಿತ ರೂಪ)



ದಾವಣಗೆರೆ ಜಿಲ್ಲೆಯೆಂದೊಡನೆ ಭದ್ರಾ ನಾಲೆ, ಭತ್ತದ ಗದ್ದೆ, ಮೆಕ್ಕೆಜೋಳದ ಹೊಲಗಳು ಕಣ್ಣ ಮುಂದೆ ಬರುತ್ತವೆ. ಇಲ್ಲಿಯೂ ಕಾಡಿದೆಯೆಂಬುದು ಹೊರಗಿನವರಿಗಿರಲಿ, ಜಿಲ್ಲೆಯ ಅನೇಕರಿಗೇ ನೆನಪಿಗೆ ಬರುವುದಿಲ್ಲ. ಆದರೆ ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ಪಶ್ಚಿಮದ ಅಂಚು ಮಲೆನಾಡಿನ ಸೆರಗಿಗೆ ತಾಗುತ್ತದೆ. ಚನ್ನಗಿರಿಯ ಉಬ್ರಾಣಿ ಭಾಗದ ಗುಡ್ಡಗಳು ಭದ್ರಾ ಅಭಯಾರಣ್ಯದ ದಿಕ್ಕಿಗೆ ಚಾಚಿಕೊಂಡಿವೆ. ಪೂರ್ವಕ್ಕೆ ಹೋದರೆ ಜಗಳೂರಿನ ಒಣ ಕುರುಚಲು ಕಾಡು. ಈ ಮೂರು ಬಗೆಯ ಕಾಡುಗಳಿಗೂ ಒಂದು ಸಾಮ್ಯವಿದೆ. ಮೂರರ ಅಂಚಿನಲ್ಲೂ ಹೊಲಗಳಿವೆ. ಹೊಲದ ಬದುವಿನಲ್ಲಿ ಉರುಳುಗಳಿವೆ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅರಣ್ಯದ ಸುಮಾರು 77 ಚದರ ಕಿಲೋಮೀಟರ್ ಪ್ರದೇಶವನ್ನು ಸರ್ಕಾರವು 2011ರಲ್ಲಿ ಕೊಂಡುಕುರಿ ವನ್ಯಜೀವಿಧಾಮವೆಂದು ಘೋಷಿಸಿತು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬುಗಳು: ಎರಡು ಕಿವಿಗಳ ನಡುವೆ, ಇನ್ನೆರಡು ಗಿಡ್ಡ ಕೊಂಬುಗಳು ಹಣೆಯ ಮೇಲೆ. ಹೆಣ್ಣಿಗೆ ಕೊಂಬಿಲ್ಲ. ತೂಕ ಸುಮಾರು 20 ಕಿಲೋ. ಭಾರತ ಮತ್ತು ನೇಪಾಳಗಳನ್ನು ಬಿಟ್ಟರೆ ಜಗತ್ತಿನ ಬೇರಾವ ದೇಶದಲ್ಲಿಯೂ ಈ ಪ್ರಾಣಿ ಕಾಡಿನಲ್ಲಿ ಬದುಕಿಲ್ಲ. ಇದು ಹಿಂಡು ಕಟ್ಟದು. ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಪೊದೆಗಳ ನಡುವೆ ಅಡಗಿರುತ್ತದೆ. ಹಾಗಾಗಿ ಎಷ್ಟಿವೆಯೆಂಬುದು ಸುಲಭವಾಗಿ ತಿಳಿಯದು, ಒಂದು ಸತ್ತರೂ ತಿಳಿಯದು.

ಬೇಟೆ ನಿಂತಿದೆಯೇ?

ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 1972ರಲ್ಲಿ. ಈ ಕಾಯ್ದೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ಬಲೆ ಒಡ್ಡುವುದು, ಅಟ್ಟಿಸಿಕೊಂಡು ಹೋಗುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಕೊಂಡುಕುರಿಯು ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸ, ಜೊತೆಗೆ 2022ರ ತಿದ್ದುಪಡಿಯಂತೆ ಕನಿಷ್ಠ 25,000 ರೂಪಾಯಿ ದಂಡ. ಕಾನೂನು ಇಷ್ಟು ಕಠಿಣವಾಗಿದ್ದರೂ ಕಾಡಂಚಿನ ಅನೇಕ ಜಾಗಗಳು ವಾಸ್ತವದಲ್ಲಿ ಬೇಟೆಯ ಭೂಮಿಯಾಗಿಯೇ ಉಳಿದಿವೆ.

ಇದಕ್ಕೆ ಕಾರಣವು ಮಾಂಸದ ಆಸೆಯೊಂದೇ ಅಲ್ಲ. ರಾತ್ರಿಯೊಂದರಲ್ಲಿ ಕಾಡುಹಂದಿಯ ಹಿಂಡು ಮೆಕ್ಕೆಜೋಳದ ಹೊಲಕ್ಕೆ ನುಗ್ಗಿದರೆ ಮೂರು ತಿಂಗಳ ದುಡಿಮೆ ಮಣ್ಣುಪಾಲಾಗುತ್ತದೆ. ಆಗ ರೈತನು ಬೇಲಿಯ ಕಂಡಿಯಲ್ಲಿ ತಂತಿಯ ಉರುಳು ಕಟ್ಟುತ್ತಾನೆ. ಹಂದಿಗೆಂದು ಕಟ್ಟಿದ ಉರುಳಿಗೆ ಕಣ್ಣಿಲ್ಲ. ಕೊಂಡುಕುರಿಯ ಕುತ್ತಿಗೆಗೂ, ಚಿರತೆಯ ಸೊಂಟಕ್ಕೂ, ಕರಡಿಯ ಕಾಲಿಗೂ, ಊರಿನ ನಾಯಿಗೂ ಅದು ಒಂದೇ ಬಗೆಯಲ್ಲಿ ಬಿಗಿಯುತ್ತದೆ. ಉರುಳಿಗೆ ಬಿದ್ದ ಚಿರತೆಯ ಬಳಿ ಜನ ಸೇರಿ, ಅದು ತಂತಿ ಕಿತ್ತುಕೊಂಡು ಮೇಲೆರಗಿದರೆ ಮನುಷ್ಯರ ಜೀವಕ್ಕೂ ಅಪಾಯ. ಆದುದರಿಂದ ಉರುಳಿನ ಪ್ರಶ್ನೆ ಪ್ರಾಣಿಪ್ರಿಯರ ಪ್ರಶ್ನೆ ಮಾತ್ರವಲ್ಲ, ಕೃಷಿಯ ಪ್ರಶ್ನೆಯೂ ಹೌದು.

ಕ್ಯಾಮೆರಾ ತೋರಿಸಿಕೊಟ್ಟದ್ದು

ಪ್ರಾಣಿ ತಾನಾಗಿಯೇ ತನ್ನ ಚಿತ್ರ ತೆಗೆದುಕೊಳ್ಳುವ ಕ್ಯಾಮೆರಾ ಹೊಸದೇನಲ್ಲ. 1920ರ ದಶಕದಲ್ಲಿಯೇ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ ಅವರು ಶಿವಾಲಿಕ ಬೆಟ್ಟಗಳಲ್ಲಿ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ ಹುಲಿಗಳ ಚಿತ್ರ ಪಡೆದಿದ್ದರು. ಕರ್ನಾಟಕದಲ್ಲಿ ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಈ ವಿಧಾನವನ್ನು ಹುಲಿಗಳ ಸಂಖ್ಯೆ ಅಂದಾಜಿಸಲು ಬಳಸಿದರು. ಪ್ರತಿ ಹುಲಿಯ ಪಟ್ಟೆಯೂ ಬೇರೆ ಬೇರೆಯಾದ್ದರಿಂದ ಚಿತ್ರದಿಂದಲೇ ಒಂದೊಂದನ್ನೂ ಗುರುತಿಸಬಹುದೆಂಬುದು ಅದರ ತಿರುಳು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾ ಇಡಲಾಗಿತ್ತು; ಬಂದ ಚಿತ್ರಗಳು 3 ಕೋಟಿ 48 ಲಕ್ಷಕ್ಕೂ ಹೆಚ್ಚು.

ಒಣಕಾಡಿಗೂ ಇದರ ಪ್ರಯೋಜನವಿದೆ. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ ಕಾಡಿನಲ್ಲಿ ಸಂಜಯ್ ಗುಬ್ಬಿ ಮತ್ತು ಅವರ ತಂಡದವರು ಇಟ್ಟ ಕ್ಯಾಮೆರಾಗಳಲ್ಲಿ ಚಿಂಕಾರ ಕಾಣಿಸಿಕೊಂಡಿತು. 2019ರಲ್ಲಿ ಆ ಕಾಡು ಚಿಂಕಾರ ವನ್ಯಜೀವಿಧಾಮವಾಯಿತು. ಬರಡೆಂದು ಕರೆಸಿಕೊಂಡಿದ್ದ ಕಾಡಿನ ಪರವಾಗಿ ಚಿತ್ರವು ಸಾಕ್ಷಿ ನುಡಿಯಿತು.

ಆದರೆ ಹಳೆಯ ಬಗೆಯ ಕ್ಯಾಮೆರಾದಲ್ಲಿ ಒಂದು ಕೊರತೆಯಿತ್ತು. ಚಿತ್ರವು ಒಳಗಿನ ಕಾರ್ಡಿನಲ್ಲಿ ಕುಳಿತಿರುತ್ತದೆ. ವಾರಗಳ ನಂತರ ಯಾರಾದರೂ ಹೋಗಿ ತೆಗೆದಾಗಲೇ ತಿಳಿಯುವುದು. ಉರುಳು ಹಾಕಿದವನು ಅಷ್ಟರಲ್ಲಿ ಮಾಂಸವನ್ನು ಮನೆಗೆ ಸಾಗಿಸಿರುತ್ತಾನೆ.

ಜಾಲವಾಗಿ ಕಟ್ಟುವ ಬಗೆ

ಈ ಕೊರತೆಯನ್ನು ತುಂಬುವುದಕ್ಕಾಗಿ ಬಂದದ್ದು ತಂತಿಯಿಲ್ಲದೆ ಚಿತ್ರ ಕಳುಹಿಸುವ ಕ್ಯಾಮೆರಾ. ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಪ್ರತಿ ಕ್ಯಾಮೆರಾಕ್ಕೂ ಒಂದು ಸಿಮ್ ಇರುತ್ತದೆ. ಮೊಬೈಲ್ ಸಿಗ್ನಲ್ ಇದ್ದಲ್ಲಿ ಚಿತ್ರ ನೇರವಾಗಿ ಫೋನಿಗೆ ಬರುತ್ತದೆ. ಎರಡನೆಯದರಲ್ಲಿ ಹತ್ತಾರು ಕ್ಯಾಮೆರಾಗಳು ರೇಡಿಯೋ ಅಲೆಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ಚಿತ್ರವನ್ನು ದಾಟಿಸುತ್ತವೆ. ಕೆರೆ ತುಂಬಿ ಕೋಡಿ ಹರಿದು ಕೆಳಗಿನ ಕೆರೆಗೆ ನೀರು ಸೇರುವಂತೆ, ಕೊನೆಗೆ ಸಿಗ್ನಲ್ ಇರುವ ಎತ್ತರದ ಜಾಗದ ಒಂದೇ ಕ್ಯಾಮೆರಾಕ್ಕೆ ಎಲ್ಲವೂ ಬಂದು ಸೇರುತ್ತವೆ. ಸಿಮ್ ಬೇಕಾಗುವುದು ಆ ಒಂದಕ್ಕೆ ಮಾತ್ರ. ಗುಡ್ಡಗಳ ಮರೆಯಲ್ಲಿ ಸಿಗ್ನಲ್ ಸಿಗದ ಉಬ್ರಾಣಿಯಂತಹ ಪ್ರದೇಶಕ್ಕೆ ಈ ಎರಡನೆಯ ಬಗೆಯೇ ಸೂಕ್ತ.

ಕೊಳ್ಳುವ ಮುನ್ನ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದಲ್ಲಿ ಬೇಟೆಗಾರರು ತಮ್ಮ ಖಾಸಗಿ ಜಮೀನಿನಲ್ಲಿ ಜಿಂಕೆಗಳ ಓಡಾಟ ತಿಳಿಯಲು ಇಂತಹ ಜಾಲಗಳನ್ನು ಬಳಸುತ್ತಾರೆ. ಅಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ತರಂಗ 902ರಿಂದ 928 ಮೆಗಾಹರ್ಟ್ಸ್. ಭಾರತದಲ್ಲಿ ಅಂತಹ ಬಳಕೆಗೆ ಬಿಟ್ಟಿರುವುದು 865ರಿಂದ 868 ಮೆಗಾಹರ್ಟ್ಸ್. ಹೊರದೇಶದಿಂದ ತರಿಸಿದ ಉಪಕರಣವನ್ನು ಇಲ್ಲಿ ಹಾಗೆಯೇ ಬಳಸುವುದು ನಿಯಮಬಾಹಿರವಾದೀತು.

ಕ್ಯಾಮೆರಾದ ಕಣ್ಣು ಬೆಳಕನ್ನಲ್ಲ, ಶಾಖವನ್ನು ನೋಡಿ ಎಚ್ಚರಗೊಳ್ಳುತ್ತದೆ. ಸುತ್ತಲಿನ ನೆಲಕ್ಕಿಂತ ಬೇರೆ ಉಷ್ಣತೆಯ ದೇಹವೊಂದು ಚಲಿಸಿದಾಗ ಚಿತ್ರ ಬೀಳುತ್ತದೆ. ಬಂಡೆ ಕಾದ ಏಪ್ರಿಲ್ ತಿಂಗಳ ಮಧ್ಯಾಹ್ನ ಪ್ರಾಣಿಯ ಮೈಗೂ ನೆಲಕ್ಕೂ ವ್ಯತ್ಯಾಸ ಕಡಿಮೆಯಾಗಿ ಕ್ಯಾಮೆರಾ ತಪ್ಪುವುದುಂಟು. ಗಾಳಿಗೆ ಅಲುಗುವ ಹುಲ್ಲು ಬಿಸಿಲಿನಲ್ಲಿ ನೂರಾರು ಖಾಲಿ ಚಿತ್ರಗಳನ್ನು ತೆಗೆಸುವುದೂ ಉಂಟು. ಆದ್ದರಿಂದ ಮುಂದಿನ ಹುಲ್ಲನ್ನು ಕತ್ತರಿಸಬೇಕು. ಮಸೂರವನ್ನು ಪೂರ್ವ ಪಶ್ಚಿಮಕ್ಕಲ್ಲದೆ ಉತ್ತರ ಅಥವಾ ದಕ್ಷಿಣಕ್ಕೆ ತಿರುಗಿಸಬೇಕು. ಕೊಂಡುಕುರಿಗಾದರೆ ಮೊಣಕಾಲಿನ ಎತ್ತರಕ್ಕೆ ಕಟ್ಟಬೇಕು. ಈ ಪ್ರಾಣಿಯು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಹಿಕ್ಕೆಯ ಗುಡ್ಡೆಯನ್ನು ಬಲ್ಲ ಕುರಿಗಾಹಿಯು ತೋರಿಸಿದ ಜಾಗವು ಯಾವ ನಕ್ಷೆಗಿಂತಲೂ ಒಳ್ಳೆಯದು.

ಚಿತ್ರ ಬಂದ ಮೇಲೆ

2022ರಲ್ಲಿ ಮಧ್ಯಪ್ರದೇಶದ ಕಾನ್ಹಾ ಮತ್ತು ಪೆಂಚ್ ನಡುವಣ ಕಾಡಿನಲ್ಲಿ, ಹುಲಿಯನ್ನು ಕ್ಯಾಮೆರಾದೊಳಗೇ ಗುರುತಿಸಿ ಮೊಬೈಲ್ ಜಾಲದ ಮೂಲಕ ಕಳುಹಿಸುವ ಕ್ಯಾಮೆರಾಗಳನ್ನು ಇಟ್ಟು ಪರೀಕ್ಷಿಸಲಾಯಿತು. ಒಂದು ನಿಮಿಷದೊಳಗೆ ಚಿತ್ರ ಸಿಬ್ಬಂದಿಯನ್ನು ತಲುಪಿತು. ಆದರೆ ತಲುಪಿದೊಡನೆ ಕೆಲಸ ಮುಗಿಯಿತೇ? ರಾತ್ರಿ ಎರಡು ಗಂಟೆಗೆ ಬಂದ ಚಿತ್ರವನ್ನು ನೋಡುವವರು ಯಾರು? ನೋಡಿದವರು ಯಾರಿಗೆ ತಿಳಿಸಬೇಕು? ಅಲ್ಲಿಗೆ ಹೋಗಲು ವಾಹನವಿದೆಯೇ?

ತಮಿಳುನಾಡಿನ ವಾಲ್ಪಾರೈ ಈ ಪ್ರಶ್ನೆಗೆ ಉತ್ತರ ತೋರಿದೆ. ಅಲ್ಲಿ 2011ರಿಂದ ಆನೆಗಳಿರುವ ಜಾಗವನ್ನು ಎಸ್ಸೆಮ್ಮೆಸ್ ಮೂಲಕ ಚಹಾ ತೋಟದ ಕಾರ್ಮಿಕರಿಗೆ ತಿಳಿಸುವ ವ್ಯವಸ್ಥೆ ನಡೆಯುತ್ತಿದೆ. ಮೊಬೈಲಿನಿಂದ ಹೊತ್ತಿಸುವ ಕೆಂಪು ದೀಪಗಳೂ ಇವೆ. ಅಲ್ಲಿನ ಯಶಸ್ಸಿಗೆ ಕಾರಣ ದುಬಾರಿ ಉಪಕರಣವಲ್ಲ. ಸುದ್ದಿ ಯಾರಿಗೆ ಬೇಕೋ ಅವರಿಗೇ, ಅವರ ಭಾಷೆಯಲ್ಲೇ, ಸಂಜೆಯೊಳಗೆ ತಲುಪಿದ್ದು. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನಲ್ಲಿ ಕಾಡಾನೆಯ ದಾಳಿಗೆ ಹದಿಹರೆಯದ ಹುಡುಗಿಯೊಬ್ಬಳು ಬಲಿಯಾದುದನ್ನು ಈ ಭಾಗದವರು ಮರೆತಿಲ್ಲ. ಅದೇ ತಿಂಗಳು ಆನೆ ಹಿಡಿಯುವ ಕಾರ್ಯಾಚರಣೆಯಲ್ಲಿ ವನ್ಯಜೀವಿ ವೈದ್ಯರೊಬ್ಬರೂ ತೀವ್ರವಾಗಿ ಗಾಯಗೊಂಡರು. ಆನೆ ಬಂದಿದೆಯೆಂಬ ಒಂದು ಮಾತು ಹೊತ್ತಿಗೆ ಸರಿಯಾಗಿ ಮನೆ ಮನೆಗೆ ತಲುಪುವುದು ಎಷ್ಟು ಬೆಲೆಬಾಳುತ್ತದೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಮನುಷ್ಯರೂ ಚಿತ್ರದೊಳಗಿದ್ದಾರೆ

ಕಾಡಿನ ದಾರಿಯಲ್ಲಿ ಕಟ್ಟಿದ ಕ್ಯಾಮೆರಾಕ್ಕೆ ಉರುಳು ಹಾಕುವವನೂ, ಸೌದೆ ತರುವ ತಾಯಿಯೂ ಒಂದೇ. ಉತ್ತರಾಖಂಡದ ಕಾರ್ಬೆಟ್ ಸುತ್ತಮುತ್ತ ಕೇಂಬ್ರಿಜ್ ವಿಶ್ವವಿದ್ಯಾಲಯದ ತ್ರಿಶಾಂತ್ ಸಿಮ್ಲೈ ಮತ್ತು ಕ್ರಿಸ್ ಸ್ಯಾಂಡ್‌ಬ್ರೂಕ್ ನಡೆಸಿದ ಅಧ್ಯಯನವು 2024ರಲ್ಲಿ ಪ್ರಕಟವಾಯಿತು. ಬಹಿರ್ದೆಸೆಗೆ ಹೋಗಿದ್ದ ಮಹಿಳೆಯೊಬ್ಬರ ಚಿತ್ರ ಪ್ರಾಣಿಗಳಿಗೆಂದು ಇಟ್ಟ ಕ್ಯಾಮೆರಾದಲ್ಲಿ ಸೆರೆಯಾಗಿ, ಮೊಬೈಲ್‌ಗಳಲ್ಲಿ ಹರಿದಾಡಿದ ಸಂಗತಿ ಅದರಲ್ಲಿ ದಾಖಲಾಗಿದೆ. ಸಿಟ್ಟಿಗೆದ್ದ ಊರಿನವರು ಕ್ಯಾಮೆರಾಗಳನ್ನು ಒಡೆದರು. ಕ್ಯಾಮೆರಾ ಇದೆಯೆಂಬ ಅಳುಕಿನಿಂದ ಹೆಂಗಸರು ಕಾಡಿನಲ್ಲಿ ಗಟ್ಟಿಯಾಗಿ ಮಾತನಾಡುವುದನ್ನೂ, ಹಾಡುವುದನ್ನೂ ಕಡಿಮೆ ಮಾಡಿದರು. ದನಿ ಕೇಳಿದರೆ ಪ್ರಾಣಿ ದೂರ ಸರಿಯುತ್ತದೆ. ದನಿಯಿಲ್ಲದೆ ಹೋದರೆ ಎದುರಾಗುವ ಅಪಾಯ ಹೆಚ್ಚುತ್ತದೆ. ರಕ್ಷಣೆಗೆಂದು ಇಟ್ಟ ಯಂತ್ರವೇ ಜೀವಕ್ಕೆ ಎರವಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದುದರಿಂದ ಕ್ಯಾಮೆರಾ ಕಟ್ಟುವ ಮೊದಲು ಗ್ರಾಮಸಭೆಯಲ್ಲಿ ಕೆಲವು ನಿರ್ಧಾರಗಳಾಗಬೇಕು.

1. ವನ್ಯಜೀವಿಧಾಮದ ಒಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ ಯಾರೂ ಕ್ಯಾಮೆರಾ ಇಡಕೂಡದು. ರೈತರು ತಮ್ಮ ಹೊಲದ ಬದುವಿನಿಂದಲೇ ಆರಂಭಿಸಬಹುದು.

2. ಹೆಂಗಸರು ಬಳಸುವ ದಾರಿ, ನೀರಿನ ಜಾಗ, ಬಹಿರ್ದೆಸೆಯ ಜಾಗಗಳನ್ನು ಅವರನ್ನೇ ಕೇಳಿ ಗುರುತಿಸಿ, ಅಲ್ಲಿ ಕ್ಯಾಮೆರಾ ಇಡಬಾರದು. ಇಟ್ಟ ಜಾಗವು ಊರಿಗೆಲ್ಲ ತಿಳಿದಿರಬೇಕು.

3. ಚಿತ್ರ ಯಾರ ಫೋನಿಗೆ ಬರಬೇಕೆಂಬುದನ್ನು ಹೆಸರು ಸಮೇತ ನಿಗದಿಪಡಿಸಬೇಕು. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮನುಷ್ಯರ ಚಿತ್ರವನ್ನು ಮುಂದಕ್ಕೆ ಕಳುಹಿಸಬಾರದು. ಅಪರಾಧದ ಸಾಕ್ಷ್ಯವಲ್ಲದಿದ್ದರೆ ಅಳಿಸಬೇಕು.

4. ಬೇಟೆಗಾರರು ಕಂಡರೆ ಊರಿನವರು ಬೆನ್ನಟ್ಟಬಾರದು. ಅವರ ಕೈಯಲ್ಲಿ ನಾಡಬಂದೂಕು ಇರಬಹುದು. ಅರಣ್ಯ ಇಲಾಖೆಗೆ ತಿಳಿಸುವುದಷ್ಟೇ ಊರಿನ ಕೆಲಸ.

5. ಕೊಂಡುಕುರಿ, ಚಿರತೆಗಳಿರುವ ಜಾಗದ ಹೆಸರಿನೊಡನೆ ಚಿತ್ರವನ್ನು ಎಲ್ಲರಿಗೂ ಹಂಚಬಾರದು. ಬೇಟೆಗಾರನೂ ಮೊಬೈಲ್ ನೋಡುತ್ತಾನೆ.

ಈ ಹೊಣೆಯನ್ನು ಹೊರಲು ಹೊಸ ಸಂಘ ಕಟ್ಟಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಕಾಗದದ ಮೇಲಿರುವ ಆ ಸಮಿತಿಗೆ ಇದು ನಿಜವಾದ ಕೆಲಸ.

ಕೊನೆಯದಾಗಿ ಒಂದು ಮಾತು. ಹೊಲದ ಬದುವಿನ ಚಿತ್ರವು ರೈತನಿಗೂ ನೆರವಾಗಬೇಕು. ಬೆಳೆ ತಿಂದದ್ದು ಹಂದಿಯೋ, ಬೀಡಾಡಿ ದನವೋ, ಯಾವ ರಾತ್ರಿ, ಯಾವ ಕಂಡಿಯಿಂದ ಬಂದಿತು ಎಂಬುದು ತಿಳಿದರೆ ಬೇಲಿಯನ್ನು ಎಲ್ಲಿ ಬಲಪಡಿಸಬೇಕೆಂದು ಗೊತ್ತಾಗುತ್ತದೆ. ದಿನಾಂಕವಿರುವ ಚಿತ್ರವು ಪರಿಹಾರದ ಅರ್ಜಿಗೆ ಆಧಾರವೂ ಆಗುತ್ತದೆ. ಹಾನಿಗೆ ಪರಿಹಾರ ದೊರೆಯದ ಊರಿನಲ್ಲಿ ಎಷ್ಟು ಕ್ಯಾಮೆರಾ ಕಟ್ಟಿದರೂ ಉರುಳು ಇನ್ನೊಂದು ಪೊದೆಗೆ ಸರಿದೀತೇ ಹೊರತು ಇಲ್ಲವಾಗದು.

ವಿದ್ಯಾರ್ಥಿಗಳು ಈ ವಾರವೇ ಒಂದು ಕೆಲಸ ಮಾಡಬಹುದು. ತಮ್ಮ ಊರಿನ ಕಾಡಂಚಿನ ಬದುಗಳನ್ನು ಹಿರಿಯರೊಡನೆ ಹಗಲಿನಲ್ಲಿ ಸುತ್ತಿ, ಉರುಳುಗಳಿರುವ ಜಾಗಗಳನ್ನು ಪಟ್ಟಿ ಮಾಡಿ ಅರಣ್ಯ ಸಿಬ್ಬಂದಿಗೆ ಕೊಡಲಿ. ಇದಕ್ಕೆ ಬ್ಯಾಟರಿಯೂ ಬೇಡ, ಸಿಗ್ನಲ್ಲೂ ಬೇಡ. ಆ ಪಟ್ಟಿ ಸಿದ್ಧವಾದ ಊರಿನಲ್ಲಿ ಕ್ಯಾಮೆರಾ ಎಲ್ಲಿ ಕಟ್ಟಬೇಕೆಂಬುದನ್ನು ಹೊರಗಿನವರು ಬಂದು ಹೇಳಬೇಕಾಗುವುದಿಲ್ಲ.