ಪಿಕಪ್ ಗಾಡಿಯ ಸೀಟಿನಡಿಯ ಚೀಲ



ತಾಳವಾಡಿ ಸೀಮೆಯಿಂದ ಕೋಸು, ಬೀಟ್‌ರೂಟ್, ಆಲೂಗಡ್ಡೆ ತುಂಬಿಕೊಂಡು ಹೊರಡುವ ಪಿಕಪ್ ಗಾಡಿಗಳನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮಲ್ಲಿ ಹಲವರು ಅವುಗಳ ಮಾಲೀಕರು, ಇನ್ನು ಹಲವರು ಚಾಲಕರು. ಹಾಸನೂರು ದಾಟಿ ದಿಂಬಂ ಬಂದಿತೆಂದರೆ ಅಲ್ಲಿಂದ ಬಣ್ಣಾರಿಗೆ ಇಳಿಯುವ ಘಾಟಿಯಲ್ಲಿ 27 ಕಡಿದಾದ ತಿರುವುಗಳು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ. ಸುತ್ತಲೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡು. ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಹೊತ್ತು ಮುಳುಗುವ ಮೊದಲು ಕೆಳಗಿಳಿಯುವ ಆತುರ ಬೇರೆ. ಇಂಥ ಕಡೆ ಗಾಡಿ ನಿಂತುಬಿಟ್ಟರೆ ಮೆಕ್ಯಾನಿಕ್ ಮೇಲಿನ ಊರಿಂದ ಬರಬೇಕು, ಇಲ್ಲವೇ ಕೆಳಗಿನ ಸತ್ಯಮಂಗಲದಿಂದ ಬರಬೇಕು. ಮೊಬೈಲು ಎಲ್ಲ ತಿರುವಿನಲ್ಲೂ ಸಿಕ್ಕೀತೆಂದು ನಂಬುವ ಹಾಗಿಲ್ಲ. ಮಂಡಿಯ ಹರಾಜು ನಿಮಗಾಗಿ ಕಾಯುವುದಿಲ್ಲ. ಕೋಸಂತೂ ಮೊದಲೇ ಕಾಯುವುದಿಲ್ಲ.

ಆದ್ದರಿಂದ ಈ ದಿನದ ಮಾತು, ಆ ಗಾಡಿಯ ಸೀಟಿನ ಕೆಳಗೆ ಇರಲೇಬೇಕಾದ ಒಂದು ಚೀಲವನ್ನು ಕುರಿತದ್ದು. ಗಾಡಿಯನ್ನು ಪೂರ್ತಿ ರಿಪೇರಿ ಮಾಡುವ ಕೆಲಸ ಈ ಚೀಲದ್ದಲ್ಲ. ನಿಂತ ಜಾಗದಿಂದ ಮುಂದಿನ ಮೆಕ್ಯಾನಿಕ್ಕಿನ ಬಾಗಿಲಿಗೆ ಗಾಡಿಯನ್ನು ತಲುಪಿಸಿದರೆ ಸಾಕು, ಅದು ದುಡಿದಂತೆ. ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಚೀಲ ಹಗುರವಾಗುತ್ತದೆ, ಖರ್ಚೂ ತಗ್ಗುತ್ತದೆ.

ಅಂಗಡಿಗಳಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನೂರು ಸಾಮಾನು ಜೋಡಿಸಿಟ್ಟ ಸೆಟ್ಟುಗಳು ಸಿಗುತ್ತವೆ. ನೋಡಲು ಚೆಂದ. ಅಗ್ಗದವನ್ನು ಕೊಂಡರೆ ಮೊದಲ ಬಿಗಿ ನಟ್ಟಿಗೇ ಸ್ಪ್ಯಾನರಿನ ಬಾಯಿ ಅಗಲವಾಗುತ್ತದೆ, ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಆಮೇಲೆ ಒಳ್ಳೆಯ ಸ್ಪ್ಯಾನರಿಗೂ ಅದು ಜಗ್ಗದು. ನನ್ನ ಮಾತು ಕೇಳುವುದಾದರೆ ಸೆಟ್ಟು ಬೇಡ. ಬಿಡುವಿನ ಒಂದು ದಿನ, ಬೆಳಗಿನ ಹೊತ್ತು, ಮನೆಯಂಗಳದಲ್ಲಿ ಗಾಡಿ ನಿಲ್ಲಿಸಿ. ಒಂದು ಚಕ್ರ ಬಿಚ್ಚಿ ಹಾಕಿ. ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಹಾಕಿ. ಹೆಡ್‌ಲೈಟಿನ ಬಲ್ಬು, ಏರ್ ಫಿಲ್ಟರಿನ ಮುಚ್ಚಳ, ಬೆಲ್ಟ್ ಸಡಿಲಿಸುವ ಬೋಲ್ಟು, ರೇಡಿಯೇಟರಿನ ಹೋಸ್ ಕ್ಲಿಪ್ಪು, ಇಷ್ಟನ್ನೂ ನಿಮ್ಮ ಕೈಯಿಂದಲೇ ಬಿಚ್ಚಿ ಹಾಕಿ. ಈ ಕೆಲಸಕ್ಕೆ ಯಾವ ಯಾವ ಸ್ಪ್ಯಾನರು ಬೇಕಾಯಿತೋ ಅವು ಚೀಲಕ್ಕೆ. ಉಳಿದವು ಮನೆಯಲ್ಲೇ ಇರಲಿ. ಬಹುಪಾಲು ಗಾಡಿಗಳಲ್ಲಿ 8, 10, 12, 13, 14, 17, 19 ಮಿಲಿಮೀಟರಿನವೇ ಮತ್ತೆ ಮತ್ತೆ ಕೈಗೆ ಬರುತ್ತವೆ. ಒಂದು ತುದಿ ರಿಂಗ್, ಇನ್ನೊಂದು ತುದಿ ತೆರೆದ ಬಾಯಿ ಇರುವಂಥವನ್ನು ಕೊಳ್ಳಿ. ಸೊಲ್ಲಾಪುರ, ಜತ್ತದ ಕಡೆಯವರು ಇದನ್ನೇ ಪಾನಾ ಎನ್ನುತ್ತಾರೆ. ಹೆಸರು ಯಾವುದಾದರೂ ಕ್ರೋಮ್ ವೆನೇಡಿಯಂ ಉಕ್ಕಿನದಾಗಿರಲಿ. ಜೊತೆಗೆ ಒಂದು ಇಕ್ಕಳ, ಕಚ್ಚಿ ಹಿಡಿದರೆ ಬಿಡದ ಒಂದು ವೈಸ್ ಗ್ರಿಪ್, ಎರಡು ಬಗೆಯ ಸ್ಕ್ರೂಡ್ರೈವರ್, ಅರ್ಧ ಕಿಲೋ ಸುತ್ತಿಗೆ, ಒಂದು ಹ್ಯಾಕ್ಸಾ ಬ್ಲೇಡು. ಕೈಯಾಯುಧಗಳ ಮಾತು ಇಲ್ಲಿಗೆ ಮುಗಿಯಿತು.

ಈಗ ಚಕ್ರಕ್ಕೆ ಬರೋಣ. ಘಾಟಿಯಲ್ಲಿ ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ಎಂಜಿನ್ನಲ್ಲ, ಜಾಕಿ.

ಹೊರೆ ತುಂಬಿದ ಗಾಡಿಗೆ ಕಾರಿನ ಕತ್ತರಿ ಜಾಕಿ ಸಾಲದು. ಕನಿಷ್ಠ 3 ಟನ್ನಿನ ಬಾಟಲ್ ಜಾಕಿ ಬೇಕು. ಅದರ ಕೆಳಗಿಡಲು ಒಂದೂವರೆ ಇಂಚು ದಪ್ಪದ, ಒಂದಡಿ ಚೌಕದ ಹಲಗೆಯೊಂದು ಬೇಕು. ಅಕ್ಕಲಕೋಟೆ, ಜತ್ತದ ಎರೆಮಣ್ಣಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಮಳೆಯಲ್ಲಿ ಹಲಗೆಯಿಲ್ಲದ ಜಾಕಿ ಗಾಡಿಯನ್ನು ಎತ್ತುವ ಬದಲು ತಾನೇ ಭೂಮಿಗಿಳಿಯುತ್ತದೆ. ಮರದ ಎರಡು ಅಡ್ಡೆಗಳನ್ನು ಬಡಗಿಯಿಂದ ಮಾಡಿಸಿಟ್ಟುಕೊಳ್ಳಿ, ಒಂದು ಕಡೆ ಇಳಿಜಾರಾಗಿರಲಿ. ಇಳಿಜಾರಿನಲ್ಲಿ ನಿಂತ ಗಾಡಿಯ, ನೆಲದ ಮೇಲೇ ಉಳಿಯುವ ಚಕ್ರಗಳಿಗೆ ತಗ್ಗಿನ ಕಡೆಯಿಂದ ಅವನ್ನು ಒತ್ತಿಟ್ಟ ಮೇಲೆಯೇ ಜಾಕಿಗೆ ಕೈ ಹಾಕಬೇಕು. ಗೇರಿನಲ್ಲಿ ನಿಲ್ಲಿಸಿದ್ದೇನೆ, ಎಲ್ಲಿಗೆ ಹೋದೀತು ಎನ್ನುವವರುಂಟು. ಹಿಂದಿನ ಒಂದು ಚಕ್ರ ಮೇಲೆದ್ದೊಡನೆ ಡಿಫರೆನ್ಷಿಯಲ್ ಆ ಚಕ್ರವನ್ನು ತಿರುಗಲು ಬಿಟ್ಟು, ನೆಲದ ಮೇಲಿನ ಚಕ್ರವನ್ನೂ ಉರುಳಲು ಬಿಟ್ಟುಬಿಡುತ್ತದೆ. ಗೇರಿನ ಭರವಸೆ ಅಲ್ಲಿಗೆ ಮುಗಿಯಿತು. ಹ್ಯಾಂಡ್‌ಬ್ರೇಕು ಎಳೆದಿದ್ದರೂ ನೆಲದ ಮೇಲೆ ಉಳಿದ ಒಂದೇ ಚಕ್ರ ಇಡೀ ಹೊರೆಯನ್ನು ತಡೆಯಬೇಕಾಗುತ್ತದೆ.

ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಎರಡಡಿ ಉದ್ದದ ಕಬ್ಬಿಣದ ಪೈಪೊಂದನ್ನು ವೀಲ್ ಸ್ಪ್ಯಾನರಿಗೆ ತೊಡಿಸಿದರೆ ಎಂಥ ನಟ್ಟೂ ಜಗ್ಗುತ್ತದೆ. ಆದರೆ ಆ ಪೈಪು ಬಿಚ್ಚುವುದಕ್ಕೆ ಮಾತ್ರ. ಅದರಿಂದಲೇ ಬಿಗಿದರೆ ಸ್ಟಡ್ಡು ಮುರಿಯುತ್ತದೆ. ಚಕ್ರ ಬಿಚ್ಚಿದ ಕೂಡಲೇ ಸ್ಟೆಪ್ನಿಯನ್ನು ಚಾಸಿಯ ಅಡಿಗೆ ಮಲಗಿಸಿ; ಜಾಕಿ ಜಾರಿದರೆ ಗಾಡಿ ಸ್ಟೆಪ್ನಿಯ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ. ಹೊಸ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಐವತ್ತು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಿ. ಇನ್ನೊಂದು ವಿಷಯ. ತಿಂಗಳಿಗೊಮ್ಮೆ ಸ್ಟೆಪ್ನಿಗೂ ಗಾಳಿ ನೋಡಿಸಿ. ಗಾಳಿಯಿಲ್ಲದ ಸ್ಟೆಪ್ನಿಯನ್ನು ಹೊತ್ತು ತಿರುಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ!

ವಿದ್ಯುತ್ತಿನ ತೊಂದರೆಗೆ ಬೇಕಾದ ಸಾಮಾನು ಬೆಂಕಿಪೊಟ್ಟಣದಷ್ಟು ಜಾಗ ಸಾಕೆನ್ನುತ್ತದೆ. ಎಲೆಯಾಕಾರದ ಫ್ಯೂಸುಗಳಲ್ಲಿ ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಪ್ರತಿಯೊಂದರಲ್ಲಿ ಎರಡೆರಡು ಇಟ್ಟುಕೊಳ್ಳಿ. ಸುಟ್ಟ ನೀಲಿಯ ಜಾಗಕ್ಕೆ ಹಸಿರು ಹಾಕಬಾರದು, ತಂತಿಯನ್ನಂತೂ ಸುತ್ತಲೇಬಾರದು. ಹಾಗೆ ಮಾಡಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ವೈರಿಂಗು. ಒಂದು 12 ವೋಲ್ಟಿನ ಬಲ್ಬಿಗೆ ಎರಡು ತಂತಿ ಬೆಸೆದರೆ ಟೆಸ್ಟ್ ಲ್ಯಾಂಪಾಯಿತು. ಎಲ್ಲಿಯವರೆಗೆ ಕರೆಂಟು ಬಂದಿದೆ ಎಂಬುದನ್ನು ಅದು ಹೇಳುತ್ತದೆ.

ಬ್ಯಾಟರಿ ಬಿದ್ದುಹೋದರೆ ಜಂಪರ್ ಕೇಬಲ್ ಬೇಕು, ದಪ್ಪ ತಾಮ್ರದ್ದು. ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಘಾಟಿಯಲ್ಲಿ ಸಹಾಯಕ್ಕೆ ನಿಲ್ಲುವವರು ಸಾಮಾನ್ಯವಾಗಿ ಲಾರಿಯ ಅಣ್ಣಂದಿರು. ದೊಡ್ಡ ಲಾರಿ, ಬಸ್ಸುಗಳದು 24 ವೋಲ್ಟು. ನಿಮ್ಮ ಪಿಕಪ್ಪಿನದು 12. ಅವರು ಪ್ರೀತಿಯಿಂದಲೇ ಕೊಡಲು ಬಂದರೂ ಅಲ್ಲಿಂದ ಎಳೆಯಬೇಡಿ. ಇನ್ನೊಂದು ಪಿಕಪ್ಪೋ ಕಾರೋ ಬರುವವರೆಗೆ ಕಾಯಿರಿ. ಮೊದಲು ಪಾಸಿಟಿವ್‌ಗೆ ಪಾಸಿಟಿವ್. ನೆಗೆಟಿವನ್ನು ಒಳ್ಳೆಯ ಬ್ಯಾಟರಿಯಿಂದ ತಂದು, ನಿಂತ ಗಾಡಿಯ ಬ್ಯಾಟರಿಗಲ್ಲದೆ ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿಸಿ. ಕಿಡಿ ಹಾರಿದರೂ ಬ್ಯಾಟರಿಯ ಅನಿಲದಿಂದ ದೂರದಲ್ಲಿ ಹಾರಲಿ.

ನೀರು ಕುದಿಯುವುದು ಇಳಿಯುವಾಗಲ್ಲ, ತಿರುಗಿ ಹತ್ತುವಾಗ. ಐದು ಲೀಟರ್ ನೀರು, ಎರಡು ಅಳತೆಯ ಹೋಸ್ ಕ್ಲಿಪ್ಪು, ತನಗೆ ತಾನೇ ಅಂಟುವ ಒಂದು ಸುರುಳಿ ರಬ್ಬರ್ ಟೇಪು ಇದ್ದರೆ ಒಡೆದ ಹೋಸನ್ನು ಊರು ಮುಟ್ಟಿಸಬಹುದು. ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ಅರ್ಧ ಗಂಟೆ ಮುಟ್ಟಬೇಡಿ. ಬೆಲ್ಟ್ ಬದಲಾಯಿಸಿದಾಗ ಇನ್ನೂ ಗಟ್ಟಿಯಿರುವ ಹಳೆಯದನ್ನು ಎಸೆಯದೆ ಚೀಲದಲ್ಲಿಡಿ. ಬೇರೆ ಖರ್ಚಿಲ್ಲದ ಬಿಡಿಭಾಗ ಅದು. ಡೀಸೆಲ್ ಟ್ಯಾಂಕು ಸಣ್ಣಗೆ ಜಿನುಗಿದರೆ ಬಟ್ಟೆ ಸೋಪನ್ನು ಒತ್ತಿ ತಿಕ್ಕುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ.

ಆದರೆ ಹಳೆಯ ಉಪಾಯಗಳೆಲ್ಲ ಈಗ ನಡೆಯುವುದಿಲ್ಲ. ಡೀಸೆಲಿಗೆ ಗಾಳಿ ಸೇರಿದರೆ ಇಂಜೆಕ್ಟರಿನ ಪೈಪು ಸಡಿಲಿಸಿ ಸೆಲ್ಫ್ ಹೊಡೆಯುವುದು ನಮ್ಮ ಹಿಂದಿನ ಪದ್ಧತಿ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ, ಅದಕ್ಕೂ ಮುಂಚಿನ ಕಾಮನ್ ರೈಲ್ ಗಾಡಿಗಳಲ್ಲೂ, ಆ ಪೈಪಿನೊಳಗಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಸೂಜಿಯಂಥ ಆ ಡೀಸೆಲ್ ಧಾರೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಇಂಥ ಗಾಡಿಯಲ್ಲಿ ಫಿಲ್ಟರಿನ ಬಳಿಯ ಕೈಪಂಪು ಇದ್ದರೆ ಅದನ್ನು ಒತ್ತಿ ನೋಡುವುದಷ್ಟೇ ನಿಮ್ಮ ಪಾಲಿನ ಕೆಲಸ. ಬ್ರೇಕ್ ಆಯಿಲ್ಲಿನ ವಿಷಯವೂ ಅಷ್ಟೆ: ಮುಚ್ಚಳದ ಮೇಲೆ ಬರೆದಿರುವ ದರ್ಜೆಯದೇ, ಸೀಲು ಒಡೆಯದ ಸಣ್ಣ ಡಬ್ಬಿ ಇರಲಿ. ಎಂಜಿನ್ ಆಯಿಲ್ ಸುರಿದರೆ ರಬ್ಬರ್ ವಾಷರುಗಳು ಊದಿ ಬ್ರೇಕೇ ಹೋಗುತ್ತದೆ. ಇಳಿಜಾರಿನಲ್ಲಿ ಕಾದು ಸೋತ ಬ್ರೇಕಿಗೆ ಯಾವ ಚೀಲದಲ್ಲೂ ಮದ್ದಿಲ್ಲ. ಅದಕ್ಕೆ ಕೆಳಗಿನ ಗೇರೇ ಗತಿ.

ಗಾಡಿ ನಿಂತಾಗ ರಸ್ತೆಗೆ ಸೊಪ್ಪು ಮುರಿದು ಹಾಕಿ ಕಲ್ಲಿಡುವುದು ನಮ್ಮವರ ರೂಢಿ. ಹೋಗುವಾಗ ಸೊಪ್ಪನ್ನೂ ಕಲ್ಲನ್ನೂ ಅಲ್ಲೇ ಬಿಟ್ಟು ಹೋಗುವುದೂ ರೂಢಿಯೇ. ಕತ್ತಲಲ್ಲಿ ಬರುವ ಬೈಕಿನವರಿಗೆ ಆ ಕಲ್ಲು ಯಮ. ಹೊಳೆಯುವ ತ್ರಿಕೋನ ಫಲಕ ಮಡಚಿದರೆ ಒಂದು ಮೊಳವೂ ಇಲ್ಲ. ಅದನ್ನು ಗಾಡಿಯ ಹಿಂದೆಯೇ ಇಡದೆ ತಿರುವಿನ ಆಚೆ, ಬರುವವರಿಗೆ ಮೊದಲೇ ಕಾಣುವಂತೆ ಇಡಿ. ತಲೆಗೆ ಕಟ್ಟುವ ಟಾರ್ಚು ಇದ್ದರೆ ಎರಡೂ ಕೈ ಬಿಡುವಾಗಿರುತ್ತವೆ. ಕಬ್ಬಿನ ಲಾರಿಗಾಗಿ ರಸ್ತೆಗೆ ಬರುವ ಆನೆಗಳನ್ನು ಕಂಡವರು ನೀವು. ತರಕಾರಿ ಹೊರೆಯ ಪಕ್ಕ ಕೂತು ರಿಪೇರಿ ಮಾಡುವಾಗ ಒಬ್ಬರು ಕಾಡಿನ ಕಡೆ ಕಣ್ಣಿಟ್ಟು ನಿಂತಿರಲಿ. ಆನೆ ಕಂಡರೆ ಸ್ಪ್ಯಾನರು ಅಲ್ಲೇ ಇರಲಿ, ನೀವು ದೂರ ಸರಿಯಿರಿ.

ಇಷ್ಟನ್ನು ಯಾವುದರಲ್ಲಿ ತುಂಬುವುದು? ಕಬ್ಬಿಣದ ಪೆಟ್ಟಿಗೆ ದಾರಿಯುದ್ದಕ್ಕೂ ಗಡಗಡ ಎನ್ನುತ್ತದೆ. ಕಾಸರಗೋಡಿನ ಮಳೆಯಲ್ಲಾದರೆ ತುಕ್ಕೂ ಹಿಡಿಯುತ್ತದೆ. ಟಾರ್ಪಾಲು ಹೊಲಿಯುವವರ ಹತ್ತಿರ ದಪ್ಪ ಕ್ಯಾನ್ವಾಸಿನಲ್ಲಿ ಗೂಡುಗೂಡಾಗಿ ಹೊಲಿಸಿ, ಚಾಪೆಯಂತೆ ಸುತ್ತಿ, ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ ಹಾಕಿಬಿಡಿ. ಯಾವ ಗೂಡು ಖಾಲಿಯಿದೆಯೋ ಆ ಸಾಮಾನು ರಸ್ತೆಯಲ್ಲೇ ಉಳಿಯಿತೆಂದು ಸುತ್ತುವಾಗಲೇ ತಿಳಿಯುತ್ತದೆ. ಜಾಕಿ, ಹಲಗೆ, ಅಡ್ಡೆಗಳು ಬೇರೆ ಇರಲಿ. ಜಾಕಿ ನೇರ ನಿಂತಿರುವಂತೆ ಕಟ್ಟಿ.

ಕೊನೆಯದಾಗಿ ಒಂದು ಕಾಗದ. ಟಯರಿನ ಗಾಳಿಯ ಅಳತೆ, ಬೆಲ್ಟಿನ ನಂಬರು, ಯಾವ ಫ್ಯೂಸು ಯಾವುದಕ್ಕೆ, ನಿಮ್ಮ ಮೆಕ್ಯಾನಿಕ್ಕಿನ ಫೋನು, ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಾದರೆ 1033, ಇಷ್ಟನ್ನು ಬರೆದು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಚೀಲದೊಳಗೆ ಹಾಕಿ. ಕನ್ನಡದಲ್ಲಿ ಬರೆಯಿರಿ, ಅದರ ಕೆಳಗೆ ತಮಿಳಿನಲ್ಲೂ ಬರೆಯಿರಿ. ಗಡಿಯ ಬೇರೆ ಕಡೆಯವರು ಮರಾಠಿಯಲ್ಲೋ ತೆಲುಗಿನಲ್ಲೋ ಮಲಯಾಳದಲ್ಲೋ ಬರೆಯಿರಿ. ಗಾಡಿ ಓಡಿಸುವವರು ನೀವಾದರೂ, ನಿಂತ ಗಾಡಿಯ ಬಾನೆಟ್ಟಿನೊಳಗೆ ಮೊದಲು ತಲೆ ಹಾಕುವವರು ಯಾವ ಲಿಪಿ ಓದುವವರೋ ಹೇಳಲಾಗದು.