ಹಣ ನಿಂತ ಮೇಲೆ ಏನು ಉಳಿಯುತ್ತದೆ?

(ಜೇವರ್ಗಿಯಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ವಿದ್ಯೆಯ ಜೊತೆಗೆ ಆರೋಗ್ಯದ ಕೆಲಸವನ್ನೂ ಟ್ರಸ್ಟ್ ಕೈಗೆತ್ತಿಕೊಳ್ಳಬೇಕು ಎಂಬ ಮಾತು ನಡೆದಿದೆ. ಕೆಲವರು ಆಂಬುಲೆನ್ಸ್ ಕೊಡಿಸೋಣ ಅನ್ನುತ್ತಾರೆ. ಕೆಲವರು ಡಯಾಲಿಸಿಸ್ ಯಂತ್ರ ಅನ್ನುತ್ತಾರೆ. ಈಗಾಗಲೇ ಆರೋಗ್ಯದ ಕೆಲಸ ಮಾಡುತ್ತಿರುವ ಸಂಸ್ಥೆಯೊಂದಕ್ಕೆ ಹಣ ಕೊಟ್ಟುಬಿಟ್ಟರೆ ಅವರೇ ನಡೆಸುತ್ತಾರೆ ಎನ್ನುವವರೂ ಇದ್ದಾರೆ. ಎಲ್ಲವೂ ಒಳ್ಳೆಯ ಮನಸ್ಸಿನ ಮಾತುಗಳೇ. ಕೊಡುವ ಮೊದಲು ಏನನ್ನು ನೋಡಬೇಕು ಎಂಬುದರ ಬಗ್ಗೆ ನಾಲ್ಕು ಮಾತು ಹೇಳಲು ನನ್ನನ್ನು ಕೇಳಿದ್ದಾರೆ.

ನಮ್ಮ ಎದುರಿಗೇ ಇರುವ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಇಲ್ಲಿ ಕುಳಿತಿರುವ ತಾಯಂದಿರು ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಏನೇನು ತಂದುಕೊಡುತ್ತಾರೆ? ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಒಂದು ದಿನದ ಕೂಲಿ ಬಿಟ್ಟು ನಾಡ ಕಚೇರಿಯ ಮುಂದೆ ನಿಲ್ಲುತ್ತಾರೆ. ಕೆಲವು ಸಾವಿರ ರೂಪಾಯಿಗೆ ಒಬ್ಬ ಬಡ ತಾಯಿಯಿಂದ ಇಷ್ಟು ಕಾಗದ ಕೇಳುವ ನಾವು, ಲಕ್ಷಗಟ್ಟಲೆ ಹಣ ಪಡೆಯುವ ಸಂಸ್ಥೆಯನ್ನು ಏನೂ ಕೇಳದೆ ಚೆಕ್ ಬರೆದುಕೊಟ್ಟರೆ ಅದು ನ್ಯಾಯವೇ? ಸಂಸ್ಥೆಯ ಸಾಮರ್ಥ್ಯವನ್ನು ಅಳೆಯುವುದು ಎಂದರೆ ಆ ಸಂಸ್ಥೆಯ ಮೇಲೆ ಅನುಮಾನ ಪಡುವುದಲ್ಲ. ತಾಯಿಗೆ ಕೇಳುವ ಪ್ರಶ್ನೆಯನ್ನು ಸಂಸ್ಥೆಗೂ ಕೇಳುವುದು, ಅಷ್ಟೇ.

ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಕಲಿಯಲು ದೂರ ಹೋಗಬೇಕಿಲ್ಲ. ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಆರೋಗ್ಯಕ್ಕಾಗಿ 'ಸುಕ್ಷೇಮ' ಎಂಬ ಯೋಜನೆ ನಡೆದಿತ್ತು. ಗೇಟ್ಸ್ ಫೌಂಡೇಷನ್ ಹಣ ಕೊಟ್ಟಿತ್ತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸರ್ಕಾರದ ಜೊತೆ ಸೇರಿ ಅದನ್ನು ನಡೆಸಿತು. ಆಗಿನ ಗುಲ್ಬರ್ಗ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಹಗಲು-ರಾತ್ರಿ ತೆರೆದಿರುತ್ತಿದ್ದ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅವರು ಒಂದು ಪರೀಕ್ಷೆ ಮಾಡಿದರು. ಎಲ್ಲ ಕೇಂದ್ರಗಳ ನರ್ಸ್‌ಗಳಿಗೂ ಆರಂಭದಲ್ಲಿ ಒಂದೇ ತರಬೇತಿ ಕೊಟ್ಟರು, ಹೆರಿಗೆಯ ವಿವರ ಬರೆಯಲು ಒಂದೇ ಬಗೆಯ ಕೇಸ್ ಶೀಟ್ ಕೊಟ್ಟರು. ಆದರೆ ಚೀಟಿ ಎತ್ತಿದ ಹಾಗೆ ಆರಿಸಿದ 54 ಕೇಂದ್ರಗಳಿಗೆ ಮಾತ್ರ, ಮಾರ್ಗದರ್ಶನಕ್ಕೆಂದೇ ನೇಮಿಸಿದ ನರ್ಸ್‌ಗಳು ಆರು ಸಲ ಹೋಗಿ, ಅಲ್ಲಿನ ನರ್ಸ್‌ಗಳ ಪಕ್ಕದಲ್ಲೇ ನಿಂತು ಕೆಲಸ ಹೇಳಿಕೊಟ್ಟರು.

2012ರ ಏಪ್ರಿಲ್‌ನಲ್ಲಿ ಒಮ್ಮೆ, 2013ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಅಳೆದು ನೋಡಿದರು. ಹೆರಿಗೆಯ ನಂತರ ರಕ್ತಸ್ರಾವವಾದರೆ ಬೇಕಾಗುವ ಔಷಧ, ಸಾಮಾನುಗಳೆಲ್ಲ ಸಿದ್ಧವಾಗಿದ್ದದ್ದು ಮಾರ್ಗದರ್ಶನ ಸಿಕ್ಕ ಕಡೆ 29 ಕೇಂದ್ರಗಳಲ್ಲಿ, ಸಿಗದ ಕಡೆ 12ರಲ್ಲಿ. ಗರ್ಭಿಣಿಯ ರಕ್ತದೊತ್ತಡ ಏರಿದರೆ ಬೇಕಾಗುವುದೆಲ್ಲ ಇದ್ದದ್ದು ಒಂದು ಕಡೆ 19ರಲ್ಲಿ, ಇನ್ನೊಂದು ಕಡೆ ಬರೀ 3ರಲ್ಲಿ. ಕೇಸ್ ಶೀಟನ್ನು ಎರಡೂ ಕಡೆ ಕೊಟ್ಟಿದ್ದರೂ ಒಂದು ಕಡೆ ನೂರಕ್ಕೆ ಸುಮಾರು 80 ತಾಯಂದಿರ ಶೀಟುಗಳು ಸಿಕ್ಕವು, ಇನ್ನೊಂದು ಕಡೆ ಸುಮಾರು 57.

ತರಬೇತಿ ಒಂದೇ, ಕಾಗದ ಒಂದೇ. ವ್ಯತ್ಯಾಸ ಬಂದದ್ದು ಮತ್ತೆ ಮತ್ತೆ ಹೋಗಿ ನೋಡಿದ್ದರಿಂದ, ಕೈ ಹಿಡಿದು ಕಲಿಸಿದ್ದರಿಂದ. ಇನ್ನೊಂದನ್ನು ಗಮನಿಸಿ: ಮಾರ್ಗದರ್ಶನ ಸಿಕ್ಕ 54ರಲ್ಲೂ ರಕ್ತಸ್ರಾವಕ್ಕೆ ಬೇಕಾದದ್ದೆಲ್ಲ ಸಿದ್ಧವಾಗಿದ್ದದ್ದು 29ರಲ್ಲಿ ಮಾತ್ರ. ಅಂದರೆ ಸಾಮರ್ಥ್ಯ ಬೆಳೆಯಲು ಸಮಯ ಬೇಕು. ನಾವು ಒಂದು ವರ್ಷ ಹಣ ಕೊಟ್ಟು ಮರುವರ್ಷ ಕೈಬಿಟ್ಟರೆ ಗಿಡ ನೆಟ್ಟು ನೀರು ಹಾಕದೆ ಹೋದಂತೆ.

ಎರಡನೆಯ ಪಾಠ ಹಣ ನಿಂತ ಮೇಲೆ ಏನಾಗುತ್ತದೆ ಎಂಬುದರದ್ದು. ಇದೇ ಗೇಟ್ಸ್ ಫೌಂಡೇಷನ್ 2003ರಲ್ಲಿ 'ಆವಾಹನ್' ಎಂಬ ಎಚ್‌ಐವಿ ತಡೆ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಅದು ನಡೆಯಿತು. ನಂತರ 2009ರಿಂದ 2013ರ ಒಳಗೆ ಮೂರು ಹಂತಗಳಲ್ಲಿ ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ಹೊರಗಿನ ಸಂಶೋಧಕರು 80 ಘಟಕಗಳಿಗೆ ಹೋಗಿ ಹಸ್ತಾಂತರಕ್ಕೆ ನೀವು ಎಷ್ಟು ಸಿದ್ಧರಿದ್ದೀರಿ ಎಂದು ಕೇಳಿ ಅಳೆದರು. ಒಂದು ವರ್ಷ ಕಳೆದ ಮೇಲೆ 70 ಘಟಕಗಳನ್ನು ಮತ್ತೆ ನೋಡಿದರು. ಅವರು ಕಂಡದ್ದು ಇದು: 2009ರ ಮೊದಲ ಹಂತದಲ್ಲಿ ತೊಂದರೆಗಳಾದವು. ಮುಂದಿನ ಎರಡು ಹಂತಗಳಲ್ಲಿ ಸಿಬ್ಬಂದಿಗೆ ಮೊದಲೇ ತರಬೇತಿ ಕೊಟ್ಟು, ಲೆಕ್ಕಪತ್ರ ಮತ್ತು ಚಿಕಿತ್ಸೆಯ ಕ್ರಮವನ್ನು ಸರ್ಕಾರದ ನಿಯಮಕ್ಕೆ ಹೊಂದಿಸಿದ್ದರಿಂದ ಕೆಲಸ ಸುಗಮವಾಯಿತು. ಕನಿಷ್ಠ ಆರು ತಿಂಗಳವರೆಗೆ ಸೇವೆ ಕಡಿಮೆಯಾಗಲಿಲ್ಲ. ಆದರೂ ಹಣದ ಕಂತು ತಡವಾಯಿತು, ಸಾಮಗ್ರಿ ಖಾಲಿಯಾಯಿತು, ಸ್ಥಳದಲ್ಲೇ ನಿರ್ಧಾರ ಮಾಡುವ ಸ್ವಾತಂತ್ರ್ಯ ಕಡಿಮೆಯಾಯಿತು ಎಂಬ ದೂರುಗಳು ಬಂದವು.

ಅಷ್ಟು ದೊಡ್ಡ ಹಣ ಮತ್ತು ಅಷ್ಟು ತಯಾರಿ ಇದ್ದ ಕಡೆಯೇ ಹೀಗಾದರೆ, ನಮ್ಮಂಥ ಚಿಕ್ಕ ಟ್ರಸ್ಟ್ ಎಷ್ಟು ಎಚ್ಚರವಾಗಿರಬೇಕು!

ಹಾಗಾದರೆ ಏನು ಕೇಳೋಣ? ಐದು ಪ್ರಶ್ನೆ ಹೇಳುತ್ತೇನೆ. ದೊಡ್ಡ ಓದು ಬೇಕಾಗಿಲ್ಲ, ಯಾರು ಬೇಕಾದರೂ ಕೇಳಬಹುದು.

ಒಂದು, ಚೆಕ್ಕಿಗೆ ಎಷ್ಟು ಜನರ ಸಹಿ ಬೇಕು, ಲೆಕ್ಕ ಬರೆಯುವವರು ಮತ್ತು ಹಣ ಖರ್ಚು ಮಾಡುವವರು ಬೇರೆ ಬೇರೆಯೇ?

ಎರಡು, ಕಳೆದ ಮೂರು ವರ್ಷಗಳ ಆಡಿಟ್ ವರದಿ ಎಲ್ಲಿದೆ?

ಮೂರು, ಕೆಲಸ ನಡೆಸುವ ಮುಖ್ಯ ವ್ಯಕ್ತಿ ಆರು ತಿಂಗಳು ಹಾಸಿಗೆ ಹಿಡಿದರೆ ಯಾರು ನಡೆಸುತ್ತಾರೆ? ಈ ಪ್ರಶ್ನೆಗೆ ನಗು ಮಾತ್ರ ಉತ್ತರವಾದರೆ, ಅಲ್ಲಿ ಇರುವುದು ಒಬ್ಬ ಒಳ್ಳೆಯ ಮನುಷ್ಯ, ಸಂಸ್ಥೆಯಲ್ಲ.

ನಾಲ್ಕು, ನಮ್ಮ ಕಂತು ಮೂರು ತಿಂಗಳು ತಡವಾದರೆ ರೋಗಿಯ ಔಷಧ ನಿಲ್ಲುತ್ತದೆಯೇ?

ಐದು, ರೋಗಿಗೆ ತೊಂದರೆಯಾದರೆ ಯಾರಿಗೆ ಹೇಳಬೇಕು, ಹೇಳಿದ್ದನ್ನು ಎಲ್ಲಿ ಬರೆದಿಡುತ್ತಾರೆ?

ಉತ್ತರವನ್ನು ಕಚೇರಿಯಲ್ಲಿ ಕೇಳಿದರೆ ಸಾಲದು. ದಾಸ್ತಾನು ರಿಜಿಸ್ಟರ್ ತೆಗೆಸಿ, ಕಪಾಟಿನಲ್ಲಿರುವ ಔಷಧದ ಜೊತೆ ತಾಳೆ ನೋಡಿ. ಹೊರಗೆ ಬೆಂಚಿನ ಮೇಲೆ ಕುಳಿತ ರೋಗಿಯ ಹತ್ತಿರ ಹತ್ತು ನಿಮಿಷ ಕುಳಿತು ಮಾತಾಡಿ. ಆ ಹತ್ತು ನಿಮಿಷ ಬಣ್ಣದ ವರದಿ ಹೇಳದ್ದನ್ನು ಹೇಳುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಾವು ಕೊಟ್ಟ ಒಂದೊಂದು ರೂಪಾಯಿಯೂ ಬಡವನಿಗೇ ಹೋಗಬೇಕು, ಗುಮಾಸ್ತನ ಸಂಬಳಕ್ಕೆ, ರಿಜಿಸ್ಟರಿಗೆ, ಆಡಿಟರಿಗೆ ಯಾಕೆ ಎಂದು ದಾನಿಗಳು ಕೇಳುತ್ತಾರೆ. ಕುರ್‌ಆನಿನಲ್ಲಿ ಸೂರಾ ತೌಬಾದ 60ನೇ ಆಯತ್ ಜಕಾತಿನ ಎಂಟು ಹಕ್ಕುದಾರರನ್ನು ಹೆಸರಿಸುವಾಗ, ಫಕೀರರು ಮತ್ತು ಮಿಸ್ಕೀನರ ನಂತರ ಮೂರನೆಯದಾಗಿ ಹೇಳುವುದು ಆ ಕೆಲಸಕ್ಕೆ ನೇಮಕವಾದವರನ್ನು. ಇಂದಿನ ಟ್ರಸ್ಟಿನ ನೌಕರರು ಆ ಗುಂಪಿಗೆ ಸೇರುತ್ತಾರೆಯೇ ಎಂಬುದನ್ನು ಉಲೇಮಾಗಳೇ ಹೇಳಬೇಕು, ನಾನು ಹೇಳುವವನಲ್ಲ. ಆದರೆ ದಾನವನ್ನು ನಡೆಸುವುದಕ್ಕೂ ಕೈಗಳು ಬೇಕು, ಆ ಕೈಗಳಿಗೂ ಹೊಟ್ಟೆ ಇದೆ ಎಂಬ ತಿಳಿವಳಿಕೆ ನಮ್ಮ ದೀನಿನಲ್ಲಿ ಮೊದಲಿನಿಂದಲೂ ಇದೆ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಡಿ ಎಂದು ಹೇಳುವ ಸೂರಾ ಬಕರಾದ 282ನೇ ಆಯತ್ ಇಡೀ ಕುರ್‌ಆನಿನಲ್ಲೇ ಅತ್ಯಂತ ಉದ್ದವಾದದ್ದು. ಲೆಕ್ಕ ಬರೆಯುವುದು ಅಪನಂಬಿಕೆಯ ಗುರುತಲ್ಲ, ಅಮಾನತ್ ಕಾಪಾಡುವ ದಾರಿ.

ಹನಫಿ ಫಿಕ್ಹ್ ಪ್ರಕಾರ ಜಕಾತ್ ಬಡವನ ಸ್ವಂತದ್ದಾಗಬೇಕು. ಅದರಿಂದ ಕಟ್ಟಡ ಕಟ್ಟುವುದಕ್ಕಾಗಲಿ ಆಸ್ಪತ್ರೆಯ ನರ್ಸ್‌ಗೆ ಸಂಬಳ ಕೊಡುವುದಕ್ಕಾಗಲಿ ಬರುವುದಿಲ್ಲ. ಆದ್ದರಿಂದ ಜಕಾತ್ ಬೇರೆ, ಸದಖಾ ಬೇರೆ ಎಂದು ಎರಡು ಲೆಕ್ಕ ಇಡಬೇಕಾಗುತ್ತದೆ. ಯಾವ ಸಂಸ್ಥೆಗೆ ಹಣ ಕೊಡುತ್ತೇವೋ ಆ ಸಂಸ್ಥೆಗೆ ಈ ಎರಡು ಲೆಕ್ಕವನ್ನು ಬೇರೆ ಇಡುವ ಶಕ್ತಿ ಇದೆಯೇ ಎಂಬುದೂ ಸಾಮರ್ಥ್ಯದ ಪ್ರಶ್ನೆಯೇ. ದಾನಿಗಳಲ್ಲಿ ನನ್ನ ವಿನಂತಿ: ಜಕಾತಿನ ಜೊತೆಗೆ ಸ್ವಲ್ಪ ಸದಖಾವನ್ನು ಸಂಸ್ಥೆಯನ್ನು ಗಟ್ಟಿ ಮಾಡುವುದಕ್ಕೆಂದೇ ಹೇಳಿ ಕೊಡಿ. ಔಷಧಕ್ಕೆ ಕೊಡುವವರು ಹಲವರು ಸಿಗುತ್ತಾರೆ. ಔಷಧದ ಲೆಕ್ಕ ಬರೆಯುವವನ ಸಂಬಳಕ್ಕೆ ಕೊಡುವವರು ಸಿಗುವುದಿಲ್ಲ.

ಅಳೆಯುವವರು ತಮ್ಮನ್ನೂ ಅಳೆದುಕೊಳ್ಳಬೇಕು. ನಾನು ಹೇಳಿದ ಐದು ಪ್ರಶ್ನೆಗಳನ್ನು ಮೊದಲು ನಮ್ಮ ಟ್ರಸ್ಟಿಗೇ ಕೇಳಿ, ಉತ್ತರವನ್ನು ಬರುವ ವರ್ಷದ ವರದಿಯಲ್ಲಿ ಅಚ್ಚು ಹಾಕಿಸಿ. ಯಾವುದಾದರೂ ಉತ್ತರ 'ಇಲ್ಲ' ಎಂದಿದ್ದರೆ ಇಲ್ಲ ಎಂದೇ ಹಾಕಿಸಿ. ಇಲ್ಲದ್ದನ್ನು ಒಪ್ಪಿಕೊಂಡ ಸಂಸ್ಥೆಗೆ ದಾನಿಗಳು ಬೆನ್ನು ತಿರುಗಿಸುವುದಿಲ್ಲ. ಮುಚ್ಚಿಟ್ಟದ್ದು ಬಯಲಾದಾಗ ತಿರುಗಿಸುತ್ತಾರೆ.

ಕೊನೆಯ ಮಾತು ಮಕ್ಕಳಿಗೆ. ಇಲ್ಲಿ ನರ್ಸಿಂಗ್ ಓದಬೇಕೆಂದಿರುವ ಹೆಣ್ಣುಮಕ್ಕಳು ಇರಬಹುದು, ಬಿ.ಕಾಂ. ಓದುವ ಹುಡುಗರು ಇರಬಹುದು. ಆ 54 ಕೇಂದ್ರಗಳಲ್ಲಿ ಬದಲಾವಣೆ ತಂದವರು ನರ್ಸ್‌ಗಳು, ಯಂತ್ರಗಳಲ್ಲ. ಆಂಬುಲೆನ್ಸ್ ಹತ್ತು ವರ್ಷಕ್ಕೆ ಗುಜರಿಗೆ ಹೋಗುತ್ತದೆ. ಕಲಿತ ಒಬ್ಬ ಮಗಳು ಮೂವತ್ತು ವರ್ಷ ಕೆಲಸ ಮಾಡುತ್ತಾಳೆ, ತನ್ನ ಹಿಂದೆ ಬರುವವರಿಗೂ ಕಲಿಸುತ್ತಾಳೆ. ಹಾಗಾಗಿ ಈ ಟ್ರಸ್ಟ್ ಇಂದು ಹಂಚುತ್ತಿರುವ ವಿದ್ಯಾರ್ಥಿವೇತನವೇ ನಮ್ಮ ತಾಲ್ಲೂಕಿನ ಆರೋಗ್ಯಕ್ಕೆ ಕೊಟ್ಟ ಮೊದಲ ಹಣ ಎಂದು ನಾನು ತಿಳಿದಿದ್ದೇನೆ. ಹಣ ನಿಂತ ಮೇಲೂ ಉಳಿಯುವುದು ಅದೇ.

ಕೊಟ್ಟವರ ದಾನವನ್ನು ಅಲ್ಲಾಹ್ ಕಬೂಲ್ ಮಾಡಲಿ. ಅದನ್ನು ನಡೆಸುವವರಿಗೆ ಅಮಾನತ್ ಕಾಪಾಡುವ ಶಕ್ತಿ ಕೊಡಲಿ. ಈ ಮಕ್ಕಳ ಓದಿನಲ್ಲಿ ಬರ್ಕತ್ ಕೊಡಲಿ. ಆಮೀನ್.